ಪಾನಾ ಯಾವಾಗ ಕೆಳಗಿಡಬೇಕು?

ಹಳೆಯ ಪದ್ಮಿನಿ, ಅಂಬಾಸಿಡರ್ ಕಾರು ಇಟ್ಟುಕೊಂಡವರು ಬೆಳಗಾವಿಯಲ್ಲಿ ಇನ್ನೂ ಇದ್ದಾರೆ. ಗ್ಯಾರೇಜಿಗೆ ಬಂದರೆ ಅವರದು ಒಂದೇ ಪ್ರಶ್ನೆ: "ಮಿಸ್ತ್ರಿ, ಇದನ್ನ ನಾನೇ ಮಾಡ್ಬಹುದೇನ್ರೀ?"

ನನ್ನ ಲೆಕ್ಕ ಸರಳ. ಕೆಲಸ ಕೆಟ್ಟರೆ ಗಾಡಿ ಚಾಲೂ ಆಗುವುದಿಲ್ಲ ಅಷ್ಟೇನಾ? ಹಾಗಿದ್ದರೆ ಧೈರ್ಯವಾಗಿ ಕೈ ಹಾಕಿ. ಕೆಟ್ಟರೆ ಗಾಡಿ ನಿಲ್ಲುವುದೇ ಇಲ್ಲ ಅಂತಾದರೆ ಪಾನಾ (ಸ್ಪ್ಯಾನರ್) ಕೆಳಗಿಡಿ.

ಪ್ಲಗ್ ಸ್ವಚ್ಛ ಮಾಡುವುದು, ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್‌ನ ಪಾಯಿಂಟ್ ಉಜ್ಜಿ ಸುಮಾರು 0.4 ಮಿ.ಮೀ. ಗ್ಯಾಪ್ ಇಡುವುದು, ಕಾರ್ಬೊರೇಟರ್‌ನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್‌ಗೆ ಗಾಳಿ ಹೊಡೆಯುವುದು ಎಲ್ಲಾ ಮನೆಗೆಲಸ. ಜೆಟ್‌ಗೆ ತಂತಿ ಮಾತ್ರ ತೂರಿಸಬೇಡಿ, ತೂತು ದೊಡ್ಡದಾಗುತ್ತದೆ.

ಬ್ರೇಕ್ ವಿಷಯ ಬೇರೆ. ಆ ಕಾಲದ ಗಾಡಿಗಳಲ್ಲಿ ಬಹುಪಾಲಿಗೆ ನಾಲ್ಕೂ ಚಕ್ರಕ್ಕೆ ಒಂದೇ ಬ್ರೇಕ್ ಆಯಿಲ್ ಲೈನ್. ಒಂದು ವ್ಹೀಲ್ ಸಿಲಿಂಡರ್ (ಚಕ್ರದ ಬಳಿ ಬ್ರೇಕ್ ಒತ್ತುವ ಭಾಗ) ಸೋರಿದರೂ ಪೆಡಲ್ ಪೂರ್ತಿ ಕೆಳಗೆ ಹೋಗಬಹುದು. ಗಾಡಿ ನಿಂತಿದ್ದಾಗಲೇ ಪೆಡಲ್ ಒತ್ತಿ ಹಿಡಿಯಿರಿ. ಕಾಲು ಮೆಲ್ಲಗೆ ಇಳಿಯುತ್ತಿದೆಯಾ? ಟೈರಿನ ಒಳಬದಿ ಒದ್ದೆಯಾಗಿದೆಯಾ? ಹಾಗಿದ್ದರೆ ಗ್ಯಾರೇಜಿಗೂ ಓಡಿಸಿಕೊಂಡು ಬರಬೇಡಿ, ಎಳೆಸಿಕೊಂಡು ಬನ್ನಿ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ನಮ್ಮ ಮಳೆಗಾಲದಲ್ಲಿ ಸುಮ್ನೆ ನಿಂತ ಗಾಡಿಯ ಸಿಲಿಂಡರ್ ಒಳಗಿಂದ ತುಕ್ಕು ಹಿಡಿಯುತ್ತದೆ. ನೀರು ಸೇರಿದ ಆಯಿಲ್ ಬೇಗ ಕುದಿಯುತ್ತದೆ. ಚೋರ್ಲಾ ಘಾಟ್ ಇಳಿಯುವಾಗ ಡ್ರಮ್ ಕಾದು, ಲೈನಿನಲ್ಲಿ ಆವಿ ಕಟ್ಟಿ, ಪೆಡಲ್ ಮೆತ್ತಗಾಗುವುದು ಅದಕ್ಕೇ. ಸಿಲಿಂಡರ್ ಸೋರಿದರೆ ಒಳಗಿನ ರಬ್ಬರ್ ಕಿಟ್ ಬದಲಿಸಿದರೆ ಸಾಕು ಅನ್ನುವವರು ಜಾಸ್ತಿ. ಸಿಲಿಂಡರ್ ಒಳಗೆ ಬೆರಳಾಡಿಸಿದಾಗ ಸಣ್ಣ ಕುಳಿ ತಗುಲಿದರೂ ಹೊಸ ರಬ್ಬರ್ ನಿಲ್ಲುವುದಿಲ್ಲ. ಆಯಿಲ್ ಕಡಿಮೆಯಾಯಿತು ಅಂತ ಎಂಜಿನ್ ಆಯಿಲ್ ಸುರಿಯುವವರೂ ಇದ್ದಾರೆ! ರಬ್ಬರ್ ಎಲ್ಲಾ ಉಬ್ಬಿ ಹಾಳಾಗುತ್ತದೆ.

ಇನ್ನು ಎಂಜಿನ್ ಆಯಿಲ್ ಕ್ಯಾಪ್ ಒಳಗೆ ಹಾಲಿನಂಥ ನೊರೆ ಕಂಡರೆ ಗಾಬರಿ ಬೇಡ. ಮಳೆಗಾಲದಲ್ಲಿ ಗಾಡಿಯನ್ನು ಬರೀ ಹತ್ತಿರದ ಓಡಾಟಕ್ಕೆ ಬಳಸಿದರೂ ಸ್ವಲ್ಪ ನೊರೆ ಬರುತ್ತದೆ. ಜೊತೆಗೆ ರೇಡಿಯೇಟರ್ ನೀರು ಇಳಿಯುತ್ತಿದ್ದರೆ, ಎಂಜಿನ್ ಚಾಲೂ ಇದ್ದಾಗ ಅದರಲ್ಲಿ ಗುಳ್ಳೆ ಏಳುತ್ತಲೇ ಇದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಪದರ) ಹೋಗಿರುವ ಸಂಭವವೇ ಹೆಚ್ಚು. ಹೆಡ್ ಬಿಚ್ಚಿದ ಮೇಲೆ ಅದು ಡೊಂಕಾಗಿದೆಯಾ ಅಂತ ಅಳೆಯಬೇಕು. ಡೊಂಕಿದ್ದರೆ ಉದ್ಯಮಬಾಗ ಕೈಗಾರಿಕಾ ಪ್ರದೇಶದಲ್ಲಿ ಮಷಿನ್ ಮೇಲಿಟ್ಟು ಸಮ ಮಾಡಿಸಬೇಕು. ಅಂಗಳದಲ್ಲಿ ಆಗುವ ಕೆಲಸವಲ್ಲ.

ನಟ್ ಬಿಗಿದುಕೊಂಡಿದ್ದರೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ. ಮರುದಿನವೂ ಪಾನಾ ಜಾರಿ ಮೂಲೆ ಸವೆಯಲು ಶುರುವಾದರೆ ಅಲ್ಲಿಗೇ ಬಿಡಿ. ಮುರಿದ ಸ್ಟಡ್ (ನಟ್ ಕೂರುವ ಬೋಲ್ಟ್) ತೆಗೆಯುವ ಖರ್ಚು ಮೂಲ ಕೆಲಸಕ್ಕಿಂತ ಜಾಸ್ತಿಯಾದೀತು. ಅಂಬಾಸಿಡರ್ ತಯಾರಿಕೆ ನಿಂತಿದ್ದು 2014ರಲ್ಲಿ, ಪದ್ಮಿನಿಯದು ಅದಕ್ಕೂ ಮೊದಲೇ. ಕೆಡಿಸಿದ ಸಾಮಾನಿಗೆ ಬದಲಿ ಹುಡುಕಿ ಅಲೆಯಬೇಕು.

ಪೆಟ್ರೋಲ್ ಟ್ಯಾಂಕ್ ಸೋರಿದರೆ ವೆಲ್ಡಿಂಗ್ ಯೋಚನೆಯೇ ಬೇಡ. ಖಾಲಿ ಟ್ಯಾಂಕೂ ಸಿಡಿಯುತ್ತದೆ.

ಇನ್ನು ಬರುವಾಗ ಏನೇನು ಬಿಚ್ಚಿದ್ದೀರಿ ಅಂತ ನೇರವಾಗಿ ಹೇಳಿ. ಉಳಿದ ನಟ್, ವಾಶರ್ ಎಲ್ಲಾ ಡಬ್ಬಿಯಲ್ಲಿ ತನ್ನಿ. ನಾವೇನೂ ಬೈಯುವುದಿಲ್ಲ. ಮುಚ್ಚಿಟ್ಟರೆ ಅದನ್ನು ಹುಡುಕುವುದಕ್ಕೇ ಅರ್ಧ ದಿನ ಹೋಗುತ್ತದೆ, ಆ ಮಜೂರಿಯನ್ನೂ ನೀವೇ ಕೊಡಬೇಕಲ್ವಾ?