ಎಳೆಯ ವಿಂಟೇಜ್ ಪೋರ್ಟ್: ಈಗಲೇ ತೆರೆಯಬಹುದೇ?

ಪ್ರಶ್ನೆ: ಗೆಳೆಯರೊಬ್ಬರು ಪೋರ್ಚುಗಲ್‌ನಿಂದ ವಿಂಟೇಜ್ ಪೋರ್ಟ್ ತಂದುಕೊಟ್ಟಿದ್ದಾರೆ. ಹೊಸ ಉತ್ಪಾದಕರದು, ಸೀಸೆಗೆ ತುಂಬಿ ವರ್ಷವಾಗಿದೆಯಷ್ಟೆ. ಇಪ್ಪತ್ತು ವರ್ಷ ಇಟ್ಟು ಕುಡಿಯಬೇಕು ಎನ್ನುತ್ತಾರೆ. ಈಗಲೇ ತೆರೆದರೆ ವ್ಯರ್ಥವಲ್ಲವೇ?

ಉತ್ತರ: ಖಂಡಿತ ಅಲ್ಲ. ನನ್ನ ರುಚಿಗೆ, ಏಳೆಂಟು ವರ್ಷದ ಪೋರ್ಟ್‌ಗಿಂತ ಎಳೆಯದೇ ವಾಸಿ. ಹಣ್ಣಿನ ಹುರುಪು ಇಳಿದು, ಮಾಗಿದ ಪರಿಮಳ ಇನ್ನೂ ಬಾರದ ನಡುವಿನ ವರ್ಷಗಳಲ್ಲಿ ಅದು ಬಹಳ ಸಲ ತನ್ನ ರುಚಿಯನ್ನೇ ಬಿಟ್ಟುಕೊಡುವುದಿಲ್ಲ.

ನಮ್ಮ ಕಡೆ ‘ಪೋರ್ಟ್ ವೈನ್’ ಎಂದರೆ ಗೋವಾದ ಅಗ್ಗದ ಸಿಹಿ ವೈನ್ ನೆನಪಾಗುತ್ತದೆ. ಇದು ಆ ಜಾತಿಯದಲ್ಲ. ಅಸಲಿ ಪೋರ್ಟ್ ಪೋರ್ಚುಗಲ್‌ನ ಡೋರೊ ಕಣಿವೆಯದು. ಆ ಸೀಮೆಯ ಗಡಿ ಗುರುತಿಸುವ ಕೆಲಸ 1756ರಲ್ಲೇ ಶುರುವಾಯಿತು. ರಸ ಹುದುಗುತ್ತಿರುವಾಗಲೇ ಶೇ 77ರ ದ್ರಾಕ್ಷಿ ಮದ್ಯಸಾರ ಸುರಿದು ಹುದುಗನ್ನು ತಡೆಯುತ್ತಾರೆ. ಹೀಗಾಗಿ ಸಿಹಿ ಉಳಿಯುತ್ತದೆ, ಮದ್ಯದ ಪ್ರಮಾಣ ಶೇ 20ರ ಆಸುಪಾಸಿಗೆ ಏರುತ್ತದೆ. ಒಳ್ಳೆಯ ವರ್ಷವೊಂದರ ಆಯ್ದ ದ್ರಾಕ್ಷಿಯಿಂದ ಮಾಡಿ, ಕೊಯ್ಲಾದ ಎರಡು-ಮೂರು ವರ್ಷದೊಳಗೆ ಸೋಸದೆ ಸೀಸೆಗಿಳಿಸಿದ್ದು ವಿಂಟೇಜ್.

ಹೊಸಬರೆಂದು ಅಳುಕಬೇಡಿ. 1986ರವರೆಗೆ ಪೋರ್ಟ್ ರಫ್ತಾಗಬೇಕಾದರೆ ಕಣಿವೆಯಿಂದ ಇಳಿದು, ಪೋರ್ಟೊ ನಗರದ ಎದುರು ದಡದ ವಿಲಾ ನೋವಾ ಡಿ ಗಾಯಾದ ದೊಡ್ಡ ಉಗ್ರಾಣಗಳ ಮೂಲಕವೇ ಹೋಗಬೇಕಿತ್ತು. ಆ ನಿಯಮ ಸಡಿಲವಾದ ಮೇಲೆ ತೋಟದವರೇ ತಮ್ಮ ಹೆಸರಿನಲ್ಲಿ ಮಾರತೊಡಗಿದರು. ಪಿಂಟಾಸ್ ಎಂಬ ಹೆಸರಿನ ಪೋರ್ಟ್ ಮಾಡುವ ‘ವೈನ್ ಅಂಡ್ ಸೋಲ್’ ಅನ್ನು ಸಾಂಡ್ರಾ ತವಾರೆಸ್ ಡ ಸಿಲ್ವಾ ಮತ್ತು ಜೋರ್ಜ್ ಸೆರೋಡಿಯೊ ಬೋರ್ಜೆಸ್ ದಂಪತಿ ಆರಂಭಿಸಿದ್ದು 2001ರಲ್ಲಿ. ಹೊಸಬರಿಗೆ ಇಲ್ಲದ್ದು ಒಂದೇ: ತಮ್ಮ ನಲವತ್ತು ವರ್ಷದ ಹಳೆಯ ಸೀಸೆ ತೆರೆದು ‘ನೋಡಿ, ಹೀಗೆ ಮಾಗುತ್ತದೆ’ ಎಂದು ತೋರಿಸುವ ಅನುಕೂಲ. ಅದನ್ನು ನೀವು ಲೋಟದಲ್ಲೇ ಊಹಿಸಬೇಕು.

ಅದಕ್ಕೆ ಮೂರು ದಿನ ಬೇಕು. ಸೀಸೆಯನ್ನು ಮೊದಲು ಫ್ರಿಜ್‌ನಲ್ಲಿಟ್ಟು ತಂಪಾಗಿಸಿ. ‘ಕೋಣೆಯ ಉಷ್ಣತೆ’ ಎಂಬ ಯುರೋಪಿನ ಸಲಹೆ ನಮ್ಮ ಏಪ್ರಿಲ್‌ಗೆ ಹೊಂದುವುದಿಲ್ಲ, 16ರಿಂದ 18 ಡಿಗ್ರಿ ಸಾಕು. ಅಗಲ ಬಾಯಿಯ ಹೂಜಿಗೆ ಸುರಿದು ಎರಡು ಮೂರು ಗಂಟೆ ಗಾಳಿಯಾಡಲು ಬಿಡಿ. ಎಳೆಯದರಲ್ಲಿ ಗಷ್ಟು ಅಷ್ಟಾಗಿ ಇರುವುದಿಲ್ಲ, ಸುರಿಯುವುದು ಗಾಳಿಗಾಗಿಯೇ.

ಲೋಟದ ಕಾಲು ಭಾಗ ಬಗ್ಗಿಸಿ ಆಡಿಸಿದರೆ ಗಾಜಿಗೆ ನೇರಳೆ ಬಣ್ಣ ಅಂಟಿ, ನಿಧಾನವಾಗಿ ಜಾರುತ್ತದೆ. ಗುಟುಕು ಬಾಯಿಗೆ ಹೋದಾಗಲೂ ನೇರಳೆ ಹಣ್ಣೇ ನೆನಪಾಗಬೇಕು: ಮೊದಲು ಸಿಹಿ, ಹಿಂದೆಯೇ ಒಸಡನ್ನು ಬಿಗಿಯುವ ಒಗರು. ಹೊಸದಾಗಿ ಕುಡಿಯುವವರು ಈ ಒಗರನ್ನು ದೋಷವೆಂದುಕೊಳ್ಳುತ್ತಾರೆ. ವರ್ಷಾನುಗಟ್ಟಲೆ ಬಾಳುವ ಪೋರ್ಟ್‌ಗೆ ಅದೇ ಬಂಡವಾಳ. ಸಂದೇಹಪಡಬೇಕಾದದ್ದು ಒಗರೇ ಇಲ್ಲದೆ ಜಾಮ್‌ನಂತೆ ಬರೀ ಸಿಹಿಯಾಗಿರುವುದನ್ನು.

ಇನ್ನೊಂದು, ಮೂಗಿಗೆ ಹತ್ತುವ ಘಾಟು. ಮೊದಲ ದಿನ ಸ್ವಲ್ಪ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಉಳಿದದ್ದನ್ನು ಸೀಸೆಗೆ ಮರಳಿ ಹಾಕಿ, ಬಿರಡೆ ಮುಚ್ಚಿ ಫ್ರಿಜ್‌ನಲ್ಲಿಟ್ಟು ಮರುದಿನ, ಅದರ ಮರುದಿನ ಒಂದೊಂದು ಗುಟುಕು ನೋಡಿ. ಘಾಟು ಅಡಗಿ, ಹಣ್ಣು ಮುಂದೆ ಬಂದು, ಒಗರು ಮೆತ್ತಗಾಗಿಯೂ ಉಳಿದಿದ್ದರೆ ಗೆಳೆಯರಿಗೆ ಫೋನ್ ಮಾಡಿ, ಮುಂದಿನ ಸಲ ಎರಡು ತರಲು ಹೇಳಿ.