1967ರ ಕ್ಯಾಮರೋ ಕೊಳ್ಳಲೋ, 1968ರದೋ?

ಪ್ರಶ್ನೆ: ಅಮೆರಿಕದಲ್ಲಿ ನೆಲೆಸಿದ್ದೇನೆ. ಹಳೆಯ ಷೆವರ್ಲೆ ಕ್ಯಾಮರೋ ಒಂದನ್ನು ಕೊಳ್ಳಬೇಕೆಂದು ಬಹಳ ದಿನದಿಂದ ಆಸೆ. 1967 ಮತ್ತು 1968ರ ಮಾಡೆಲ್‌ಗಳು ನನ್ನ ಕಣ್ಣಿಗೆ ಒಂದೇ ಥರ ಕಾಣುತ್ತವೆ. ಯಾವುದನ್ನು ಆರಿಸಲಿ? ಮುಂದೊಂದು ದಿನ ಊರಿಗೆ ತಂದರೆ ಓಡಿಸಬಹುದೇ?

ಉತ್ತರ: ಓಡಿಸುವುದಕ್ಕೆಂದೇ ಕೊಳ್ಳುವುದಾದರೆ 1968. ‘ಇದು ಅಸಲಿ ಎಸ್‌ಎಸ್’ (ಸೂಪರ್ ಸ್ಪೋರ್ಟ್, ಅಂದರೆ ಕ್ಯಾಮರೋದ ಹೆಚ್ಚು ಶಕ್ತಿಯ ಮಾದರಿ) ಎಂದು ಮಾರುವವರು ಹೇಳುತ್ತಿದ್ದು, ಆ ಎರಡಕ್ಷರಕ್ಕೆ ನೀವು ಹೆಚ್ಚಿನ ಹಣ ಕೊಡಲು ಹೊರಟಿದ್ದರೆ 1967. ಈ ಎರಡೂ ಮಾತು ತುಕ್ಕು ಹಿಡಿಯದ ಕಾರಿಗೆ ಮಾತ್ರ ಅನ್ವಯ. ಅಡಿಯಲ್ಲಿ ಕೊಳೆತ ಕಾರಾದರೆ ಯಾವ ವರ್ಷದ್ದಾದರೂ ಬೇಡ.

ಫೋರ್ಡ್ ಕಂಪನಿ 1964ರ ಏಪ್ರಿಲ್‌ನಲ್ಲಿ ಮಸ್ಟಾಂಗ್ ಬಿಟ್ಟಾಗ ಅದಕ್ಕೆ ಎದುರು ನಿಲ್ಲಿಸಲು ಜನರಲ್ ಮೋಟಾರ್ಸ್ ಬಳಿ ಅಂಥ ಕಾರು ಇರಲಿಲ್ಲ. ಆ ಕೊರತೆ ತುಂಬಲು ಬಂದದ್ದು ಕ್ಯಾಮರೋ. 1966ರ ಸೆಪ್ಟೆಂಬರ್ ಕೊನೆಯಲ್ಲಿ ಶೋರೂಮಿಗೆ ಬಂದರೂ ಅದು 1967ರ ಮಾಡೆಲ್. ಅಮೆರಿಕದಲ್ಲಿ ಮಾಡೆಲ್ ವರ್ಷ ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲೇ ಶುರುವಾಗುತ್ತದೆ. ಹಾಗಾಗಿ 1967ರ ಅಕ್ಟೋಬರ್‌ನಲ್ಲಿ ತಯಾರಾದ ಕಾರು 1968ರ ಮಾಡೆಲ್ ಆಗಿರುತ್ತದೆ. ಕಾಗದದಲ್ಲಿ ತಯಾರಿಕೆಯ ತಿಂಗಳು ನೋಡಿ ಗಾಬರಿಯಾಗಬೇಡಿ. ಮೊದಲ ವರ್ಷ 2,20,906, ಎರಡನೆಯ ವರ್ಷ 2,35,147 ಕಾರುಗಳು ತಯಾರಾದವು. ಸಾಮಾನ್ಯ ಕ್ಯಾಮರೋಗಳ ಮಟ್ಟಿಗೆ ಎರಡರಲ್ಲಿ ಯಾವುದೂ ಅಪರೂಪದ್ದಲ್ಲ. ‘ತುಂಬಾ ಅಪರೂಪದ ಕಾರು’ ಎಂದು ಯಾರಾದರೂ ಬೆಲೆ ಏರಿಸಿದರೆ, ಯಾವ ಕಾರಣಕ್ಕೆ ಅಪರೂಪ ಎಂದು ಕೇಳಿ.

ಎರಡನ್ನೂ ದೂರದಿಂದಲೇ ಗುರುತಿಸಲು ಮುಂಬಾಗಿಲಿನ ಗಾಜು ನೋಡಿದರೆ ಸಾಕು. ನಮ್ಮ ಅಂಬಾಸಡರ್ ಕಾರಿನ ಮುಂಬಾಗಿಲಲ್ಲಿ ತಿರುಗಿಸಿ ಗಾಳಿ ಬಿಟ್ಟುಕೊಳ್ಳುವ ಪುಟ್ಟ ತ್ರಿಕೋನ ಗಾಜು ಇರುತ್ತಿತ್ತಲ್ಲ, ಅಂಥದ್ದೇ 1967ರ ಕ್ಯಾಮರೋದಲ್ಲೂ ಇದೆ. 1968ರಲ್ಲಿ ಅದನ್ನು ತೆಗೆದು ಬಾಗಿಲಿಗೆ ಒಂದೇ ಅಖಂಡ ಗಾಜು ಹಾಕಿದರು. ಒಳಗೆ ಗಾಳಿ ಬರಲು ಡ್ಯಾಶ್‌ಬೋರ್ಡ್‌ನಲ್ಲಿ ಕಿಂಡಿ ಕೊಟ್ಟು ‘ಆಸ್ಟ್ರೋ ವೆಂಟಿಲೇಶನ್’ ಎಂದು ಹೆಸರಿಟ್ಟರು. ಇನ್ನೊಂದು ಗುರುತು ಪಕ್ಕದ ಸಣ್ಣ ದೀಪಗಳು. 1968ರ ಜನವರಿ 1ರಿಂದ ಅಮೆರಿಕದ ಕೇಂದ್ರ ಸರ್ಕಾರದ ಸುರಕ್ಷತಾ ನಿಯಮಗಳು ಜಾರಿಗೆ ಬಂದವು. ಅದಕ್ಕಾಗಿ ಆ ಮಾಡೆಲ್‌ನ ಎಲ್ಲ ಕಾರುಗಳ ಮುಂದಿನ ಮತ್ತು ಹಿಂದಿನ ಪಕ್ಕೆಗಳಲ್ಲಿ ದೀಪ ಕೂರಿಸಿದರು. 1967ರ ಕಾರಿನ ಪಕ್ಕೆ ಮಾತ್ರ ನಯವಾಗಿ, ಖಾಲಿಯಾಗಿ ಉಳಿಯಿತು. ಚೆಂದದ ಮಾತಿಗೆ ಬಂದರೆ ನನ್ನ ಮತ 1967ಕ್ಕೇ. ಆ ತ್ರಿಕೋನ ಗಾಜು, ಆ ಸ್ವಚ್ಛ ಪಕ್ಕೆ, ಗ್ರಿಲ್‌ನೊಳಗಿನ ದುಂಡನೆಯ ಪಾರ್ಕಿಂಗ್ ದೀಪ, ಇವು ಮೂರೂ ಸೇರಿದ ಕಾರು ಮತ್ತೆ ಬರಲಿಲ್ಲ. 1968ರಲ್ಲಿ ಆ ದೀಪವೂ ಉದ್ದುದ್ದವಾಯಿತು.

ಈ ಗುರುತುಗಳು ಅಂದಕ್ಕಷ್ಟೇ ಅಲ್ಲ, ತನಿಖೆಗೂ ಬೇಕು. 1967 ಎಂದು ಮಾರಾಟಕ್ಕಿಟ್ಟ ಕಾರಿನ ಮುಂದಿನ ಚಕ್ರದ ಮೇಲಿನ ತಗಡಾದ ಫೆಂಡರ್‌ನಲ್ಲಿ ಪಕ್ಕದ ದೀಪ ಇದ್ದರೆ, ಅಥವಾ ದೀಪದ ರಂಧ್ರ ಮುಚ್ಚಿದ ಕುರುಹು ಒಳಗಡೆಯಿಂದ ಕಂಡರೆ, ಆ ಫೆಂಡರ್ 1968ರದ್ದು. ಕಾರು ಯಾವಾಗಲೋ ಗುದ್ದಿಸಿಕೊಂಡಿರಬಹುದು. ಅಷ್ಟಕ್ಕೇ ಕಾರು ಬಿಡಬೇಕಿಲ್ಲ, ಆದರೆ ಮಾರುವವರ ಮುಂದಿನ ಮಾತುಗಳನ್ನು ಎಚ್ಚರದಿಂದ ಕೇಳಿ.

ಓಡಿಸುವಾಗ ಅನುಭವಕ್ಕೆ ಬರುವ ವ್ಯತ್ಯಾಸ ಇರುವುದು ಹಿಂದಿನ ಚಕ್ರಗಳ ಬಳಿ. 1967ರಲ್ಲಿ ಎಂಜಿನ್ ಯಾವುದೇ ಇರಲಿ, ಹಿಂಬದಿಗೆ ಒಂದೊಂದೇ ಎಲೆಯ (ಉಕ್ಕಿನ ಬಾಗಿದ ಪಟ್ಟಿಯ) ಲೀಫ್ ಸ್ಪ್ರಿಂಗ್ ಕೊಟ್ಟರು. ಎರಡೂ ಶಾಕ್ ಅಬ್ಸಾರ್ಬರ್‌ಗಳನ್ನು ಆಕ್ಸಲ್‌ನ ಮುಂದುಗಡೆಗೇ ಕೂರಿಸಿದರು. ಆರು ಸಿಲಿಂಡರಿನ ಕಾರಿಗೆ ಇದು ಸಾಕು. ಆದರೆ ಎಂಟು ಸಿಲಿಂಡರಿನ ದೊಡ್ಡ ವಿ8 ಎಂಜಿನ್ ಇಟ್ಟು ನಿಂತಲ್ಲಿಂದ ಜೋರಾಗಿ ಎಳೆದರೆ ಆಕ್ಸಲ್ ತಿರುಚಿಕೊಳ್ಳುತ್ತದೆ. ಒಂಟಿ ಎಲೆ ಅದನ್ನು ತಡೆಯಲಾರದೆ ಬಾಗುತ್ತದೆ, ಮತ್ತೆ ಚಿಮ್ಮುತ್ತದೆ. ಚಕ್ರಗಳು ನೆಲ ಬಿಟ್ಟು ಕುಪ್ಪಳಿಸುತ್ತವೆ. ಇದನ್ನು ತಡೆಯಲು ಹೆಚ್ಚು ಶಕ್ತಿಯ ಕೆಲವು 1967ರ ಕಾರುಗಳಿಗೆ ಆಕ್ಸಲ್‌ಗೆ ಒಂದು ಹೆಚ್ಚುವರಿ ಸರಳು ಜೋಡಿಸಿದ್ದರು. 1968ರಲ್ಲಿ ಸಮಸ್ಯೆಯ ಮೂಲಕ್ಕೇ ಕೈ ಹಾಕಿದರು. ಒಂದು ಶಾಕ್ ಆಕ್ಸಲ್‌ನ ಮುಂದೆ, ಇನ್ನೊಂದು ಹಿಂದೆ ಹೋಯಿತು. ಆಕ್ಸಲ್ ಯಾವ ಕಡೆಗೆ ತಿರುಚಿದರೂ ಒಂದು ಶಾಕ್ ಅದನ್ನು ತಡೆಹಿಡಿಯುವಂತಾಯಿತು. ಜೋರಿನ ಮಾಡೆಲ್‌ಗಳಿಗೆ ಹಲವು ಎಲೆಗಳ ಸ್ಪ್ರಿಂಗ್ ಬಂತು. 1968 ಓಡಿಸಲು ಮೇಲು ಎಂದು ನಾನು ಹೇಳಿದ್ದು ಇದಕ್ಕೇ. 1967ರ ಕಾರಿಗೂ ಇಂದು ಹಲವು ಎಲೆಗಳ ಸ್ಪ್ರಿಂಗ್ ಹಾಕಿಸಿಕೊಳ್ಳಬಹುದು, ಎಷ್ಟೋ ಜನ ಹಾಕಿಸಿಕೊಂಡಿದ್ದಾರೆ. ಹಾಗಾಗಿ ಕಾರಿನ ಅಡಿಗೆ ಇಳಿದು ನೋಡಿ. ನೀವು ನೋಡುತ್ತಿರುವ 1967ರಲ್ಲಿ ಈ ಕೆಲಸ ಆಗಲೇ ಆಗಿರಬಹುದು.

ಎಂಜಿನ್‌ಗಳ ವಿಷಯದಲ್ಲಿ ಎರಡು ವರ್ಷಗಳ ನಡುವೆ ಹೇಳಿಕೊಳ್ಳುವಂಥ ದೂರವಿಲ್ಲ. ಕೆಳಗೆ ಆರು ಸಿಲಿಂಡರ್, ನಡುವೆ 327 ಘನ ಇಂಚಿನ ವಿ8, ಎಸ್‌ಎಸ್‌ನಲ್ಲಿ 295 ಅಶ್ವಶಕ್ತಿಯ 350, ಅದರ ಮೇಲೆ 396. ಈ 396 ಎಂಜಿನ್ 1967ರಲ್ಲಿ 325 ಮತ್ತು 375 ಅಶ್ವಶಕ್ತಿಗಳಲ್ಲಿ ಸಿಗುತ್ತಿತ್ತು, 1968ರಲ್ಲಿ ನಡುವೆ 350 ಅಶ್ವಶಕ್ತಿಯದ್ದೂ ಸೇರಿತು. ಅಂದಿನ ಅಂಕಿಗಳು ಬಿಡಿ ಎಂಜಿನ್ನನ್ನು ಪರೀಕ್ಷಾ ಮೇಜಿನ ಮೇಲಿಟ್ಟು ಅಳೆದದ್ದು; ಇಂದಿನ ಕಾರುಗಳ ಅಂಕಿಗಳೊಂದಿಗೆ ನೇರವಾಗಿ ಹೋಲಿಸಬೇಡಿ. ಆಟೋಮ್ಯಾಟಿಕ್ ಗೇರ್ ಬೇಕೆನ್ನುವವರು ಒಂದು ವಿಷಯ ತಿಳಿದಿರಬೇಕು. ಈ ಎರಡೂ ವರ್ಷಗಳಲ್ಲಿ 396 ಹೊರತು ಉಳಿದ ಎಂಜಿನ್‌ಗಳಿಗೆ ಸಿಗುತ್ತಿದ್ದ ಆಟೋಮ್ಯಾಟಿಕ್ ಎಂದರೆ ಎರಡೇ ಗೇರಿನ ಪವರ್‌ಗ್ಲೈಡ್. ಹೆದ್ದಾರಿಯಲ್ಲಿ ನೆಮ್ಮದಿಯಾಗಿ ಹೋಗುತ್ತದೆ, ಊರೊಳಗೆ ಸ್ವಲ್ಪ ಮಂದ. 327 ಎಂಜಿನ್, ನಾಲ್ಕು ಗೇರಿನ ಮ್ಯಾನುಯಲ್, ಮುಂದೆ ಡಿಸ್ಕ್ ಬ್ರೇಕ್ ಇರುವ 1968ರ ಕಾರು ಸಿಕ್ಕರೆ ಮತ್ತೇನೂ ಯೋಚಿಸದೆ ತುಕ್ಕಿನ ಪರೀಕ್ಷೆಗೆ ಹೋಗಿ. ಡಿಸ್ಕ್ ಬ್ರೇಕ್ ಅಂದು ಹೆಚ್ಚಿನ ದುಡ್ಡಿಗೆ ಮಾತ್ರ, ಆದ್ದರಿಂದ ಎಷ್ಟೋ ಕಾರುಗಳಲ್ಲಿ ನಾಲ್ಕೂ ಕಡೆ ಡ್ರಮ್ ಇದೆ. ಹೆಡ್‌ಲೈಟ್ ಮುಚ್ಚಿಕೊಳ್ಳುವ ಆರ್‌ಎಸ್ ಕಾರು ಇಷ್ಟವಾದರೆ, 1967ರಲ್ಲಿ ಆ ಮುಚ್ಚಳಗಳನ್ನು ತೆರೆಯುವುದು ವಿದ್ಯುತ್ ಮೋಟಾರು, 1968ರಲ್ಲಿ ಎಂಜಿನ್‌ನ ವ್ಯಾಕ್ಯೂಮ್. ಎರಡೂ ವಯಸ್ಸಾದ ಮೇಲೆ ತೊಂದರೆ ಕೊಡುತ್ತವೆ. ನೋಡಲು ಹೋದಾಗ ನಾಲ್ಕಾರು ಸಲ ತೆರೆದು ಮುಚ್ಚಿಸಿ.

ಹಣದ ದೊಡ್ಡ ಮಾತು ಇರುವುದು ಎಸ್‌ಎಸ್ ಮತ್ತು ಝಡ್/28 ಎಂಬ ಹೆಸರುಗಳಲ್ಲಿ. ಝಡ್/28 ಹುಟ್ಟಿದ್ದು ಅಮೆರಿಕದ ಟ್ರಾನ್ಸ್-ಆಮ್ ಎಂಬ ಕಾರ್ ರೇಸಿಗಾಗಿ. ಅಲ್ಲಿ 305 ಘನ ಇಂಚಿಗಿಂತ ದೊಡ್ಡ ಎಂಜಿನ್ನಿಗೆ ಅವಕಾಶವಿರಲಿಲ್ಲ. 327ರ ಬ್ಲಾಕ್‌ನೊಳಗೆ 283ರ ಕ್ರ್ಯಾಂಕ್ ಕೂರಿಸಿ 302 ಮಾಡಿದರು. 1967ರಲ್ಲಿ ಇಂಥವು 602 ಮಾತ್ರ ತಯಾರಾದವು, 1968ರಲ್ಲಿ 7,199. ಆ ಎರಡನೆಯ ವರ್ಷ ಪೆನ್ಸ್ಕೆ ತಂಡದ ಕ್ಯಾಮರೋದಲ್ಲಿ ಮಾರ್ಕ್ ಡೊನೊಹ್ಯೂ 13 ರೇಸ್‌ಗಳಲ್ಲಿ 10 ಗೆದ್ದರು. 1967ರ ಝಡ್/28ರ ಮೈಮೇಲೆ ಆ ಹೆಸರಿನ ಲಾಂಛನವೇ ಇರಲಿಲ್ಲ. ಲಾಂಛನ ಹೊತ್ತ 1967ರ ಝಡ್/28 ಕಂಡರೆ, ಅದನ್ನು ಆಮೇಲೆ ಯಾರೋ ಅಂಟಿಸಿದ್ದಾರೆ ಎಂದರ್ಥ.

ಇಲ್ಲಿಯೇ ನಕಲಿಗಳ ಕಾಟ. ಈ ಎರಡು ವರ್ಷಗಳ ಕ್ಯಾಮರೋದ ವಾಹನ ಗುರುತಿನ ಸಂಖ್ಯೆಯಲ್ಲಿ (ವಿಐಎನ್) ಎಸ್‌ಎಸ್ ಎಂಬ ಸುಳಿವೇ ಇಲ್ಲ. ಸಂಖ್ಯೆ 12437 ಎಂದು ಶುರುವಾದರೆ ಅದು ವಿ8 ಎಂಜಿನ್ನಿನ ಕೂಪೆ (ಗಟ್ಟಿ ಚಾವಣಿಯ ಎರಡು ಬಾಗಿಲಿನ ಕಾರು), 12337 ಎಂದಾದರೆ ಆರು ಸಿಲಿಂಡರಿನದು. ಮುಂದಿನ ಅಂಕಿ ವರ್ಷ, ಆಮೇಲಿನ ಅಕ್ಷರ ಕಾರ್ಖಾನೆ: ಓಹಾಯೋದ ನಾರ್ವುಡ್‌ಗೆ ‘ಎನ್’, ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್‌ಗೆ ‘ಎಲ್’. ಅಷ್ಟೇ. ಸಾಧಾರಣ 327 ಕಾರಿಗೆ ಎಸ್‌ಎಸ್ ಬಾನೆಟ್, ಲಾಂಛನ, ಮೂಗಿನ ಪಟ್ಟೆ ಹಾಕಿ ಎಂಜಿನ್ ಬದಲಿಸಿದರೆ ಸಂಖ್ಯೆ ನೋಡಿ ಯಾರೂ ಹಿಡಿಯಲಾರರು. ‘ವಿಐಎನ್ ಹೊಂದುತ್ತದೆ, ಅಸಲಿ ಎಸ್‌ಎಸ್’ ಎಂದು ಹೇಳುವವರು ಒಂದೋ ತಿಳಿಯದೆ ಹೇಳುತ್ತಿದ್ದಾರೆ, ಇಲ್ಲವೇ ನಿಮಗೆ ತಿಳಿದಿಲ್ಲ ಎಂದುಕೊಂಡಿದ್ದಾರೆ.

1967ರ ಕಾರಿಗೆ ಇಲ್ಲೊಂದು ಅನುಕೂಲವಿದೆ. ಎಂಜಿನ್ ಕೋಣೆಯ ಹಿಂದಿನ ಗೋಡೆಗೆ ಹೊಡೆದಿರುವ ಲೋಹದ ಚಿಕ್ಕ ತಗಡಿನಲ್ಲಿ ಆ ವರ್ಷ ಕೆಲವು ಆಯ್ಕೆಗಳ ಸಂಕೇತಗಳನ್ನೂ ಅಚ್ಚೊತ್ತುತ್ತಿದ್ದರು. ‘4ಪಿ’ ಎಂದಿದ್ದರೆ 350ರ ಎಸ್‌ಎಸ್, ‘4ಎಲ್’ ಎಂದಿದ್ದರೆ ಝಡ್/28. 1968ರಲ್ಲಿ ಈ ವಿವರಗಳನ್ನು ಕೈಬಿಟ್ಟರು; ತಗಡು ಬಣ್ಣ, ಒಳಾಂಗಣ ಇತ್ಯಾದಿ ಹೇಳಿ ಸುಮ್ಮನಾಗುತ್ತದೆ. ಹಾಗಾಗಿ 1968ರ ಎಸ್‌ಎಸ್ ಅಸಲಿ ಎಂದು ತೋರಿಸಲು ಹಳೆಯ ಕಾಗದಗಳೇ ಬೇಕು. ಮೊದಲ ಮಾಲೀಕರಿಗೆ ವಾರಂಟಿ ಪುಸ್ತಕದ ಜೊತೆ ಕೊಡುತ್ತಿದ್ದ ‘ಪ್ರೊಟೆಕ್ಟ್-ಓ-ಪ್ಲೇಟ್’ ಎಂಬ ಲೋಹದ ಪಟ್ಟಿ ಉಳಿದಿದ್ದರೆ ಬಹಳ ಒಳ್ಳೆಯದು, ಅದರಲ್ಲಿ ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್‌ಗಳ ಸಂಕೇತವಿದೆ. ಕೆನಡಾದಲ್ಲಿ ಮಾರಾಟವಾದ ಕಾರುಗಳ ದಾಖಲೆ ಅಲ್ಲಿನ ಜನರಲ್ ಮೋಟಾರ್ಸ್ ಬಳಿ ಉಳಿದಿದೆ; ಅಂಥ ಕಾರು ಸಿಕ್ಕರೆ ವಾದಕ್ಕೇ ಜಾಗವಿಲ್ಲ. ತಗಡು ಒಂದನ್ನೇ ನಂಬಬೇಡಿ, ಹೊಸದಾಗಿ ಅಚ್ಚು ಹಾಕಿಸಿದ ತಗಡುಗಳೂ ಚಲಾವಣೆಯಲ್ಲಿವೆ. ಅದನ್ನು ಹಿಡಿದಿರುವ ರಿವೆಟ್‌ಗಳನ್ನು ಯಾರಾದರೂ ಮುಟ್ಟಿದ್ದಾರೆಯೇ ನೋಡಿ. ಎಂಜಿನ್ ಬ್ಲಾಕ್‌ನ ಮುಂಭಾಗದ ಅಚ್ಚು, ಹಿಂದಿನ ಆಕ್ಸಲ್ ಅಸಲಿ ಕಾರಿನಲ್ಲಿರಬೇಕಾದ ಹನ್ನೆರಡು ಬೋಲ್ಟಿನದೇ ಎಂಬುದು, ಎಲ್ಲವೂ ಒಂದೇ ಕಥೆ ಹೇಳಬೇಕು. ಕಾಗದವಿಲ್ಲದ ಎಸ್‌ಎಸ್‌ಗೆ ಸಾಮಾನ್ಯ ಕ್ಯಾಮರೋದ ಬೆಲೆ ಕೊಡಿ, ಅದಕ್ಕಿಂತ ಹೆಚ್ಚು ಬೇಡ.

ಗುರುತಿನ ಸಂಖ್ಯೆಯ ಜಾಗವೂ ಬೇರೆ. 1967ರಲ್ಲಿ ಚಾಲಕನ ಬಾಗಿಲು ತೆರೆದರೆ ಕೀಲಿನ ಕಂಬದ ಮೇಲೆ, 1968ರಲ್ಲಿ ಮುಂದಿನ ಗಾಜಿನ ಮೂಲಕ ಕಾಣುವಂತೆ ಡ್ಯಾಶ್‌ಬೋರ್ಡ್ ಮೇಲೆ.

ಇನ್ನು ತುಕ್ಕು. ಎರಡೂ ವರ್ಷದವು ಒಂದೇ ಕಡೆ ಕೊಳೆಯುತ್ತವೆ. ಮುಂದಿನ ಗಾಜಿನ ಬುಡದಲ್ಲಿ ಗಾಳಿ ಒಳಗೆ ಹೋಗುವ ಕಾಲುವೆಯಲ್ಲಿ ಎಲೆ ಕಸ ಕೂತು ನೀರು ನಿಲ್ಲುತ್ತದೆ. ಅಲ್ಲಿ ತೂತಾದರೆ ಮಳೆನೀರು ನೇರ ಕಾಲಬುಡಕ್ಕೆ. ಬಾಟಲಿಯಿಂದ ನೀರು ಸುರಿದು, ಒಳಗೆ ಕಾರ್ಪೆಟ್ ಎತ್ತಿ ಮುಟ್ಟಿ ನೋಡಿ. ಹಿಂದಿನ ಗಾಜಿನ ಅಂಚಿನಿಂದ ಸೋರಿದ ನೀರು ಡಿಕ್ಕಿಯ ತಳವನ್ನು ತಿನ್ನುತ್ತದೆ. ಚಾವಣಿಗೆ ವಿನೈಲ್ ಹೊದಿಸಿದ್ದರೆ ಅದರಡಿ ಏನಾಗಿದೆ ಎಂದು ಹೊರಗಿನಿಂದ ಗೊತ್ತಾಗುವುದಿಲ್ಲ. ಮುಂಭಾಗದ ಚೌಕಟ್ಟು ಕಾರಿನ ಬಾಡಿಯೊಂದಿಗೆ ಬೋಲ್ಟುಗಳಿಂದ ಸೇರುವ ಜಾಗಗಳನ್ನು ಕಾರು ಎತ್ತಿಸಿ ನೋಡಲೇಬೇಕು, ಎಂಜಿನ್ನಿನ ಭಾರವೆಲ್ಲ ಆ ಚೌಕಟ್ಟಿನ ಮೇಲೆ. ಹಿಂದಿನ ಚಕ್ರದ ಸುತ್ತ ಒಂದು ಅಯಸ್ಕಾಂತ ಆಡಿಸಿ. ಅಂಟದಿದ್ದರೆ ಬಣ್ಣದಡಿ ಇರುವುದು ಪುಟ್ಟಿ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಮಿಷಿಗನ್, ಓಹಾಯೋ ಕಾರುಗಳಿಗಿಂತ ಅರಿಜೋನಾ, ಕ್ಯಾಲಿಫೋರ್ನಿಯಾದ ಕಾರು ತರಿಸುವ ಖರ್ಚು ಹೆಚ್ಚಾದರೂ ಕೊನೆಗೆ ಅಗ್ಗ. ಬಿಸಿಲಿಗೆ ಸೀಟು, ಡ್ಯಾಶ್‌ಬೋರ್ಡ್ ಬಿರಿದಿರುತ್ತವೆ, ಆದರೆ ಅವೆಲ್ಲ ಹೊಸದು ಸಿಗುತ್ತವೆ. ಮೊದಲ ತಲೆಮಾರಿನ ಕ್ಯಾಮರೋಗೆ ಸಿಗದ ಬಿಡಿಭಾಗವೇ ಅಪರೂಪ. ಬಾಗಿಲಿನ ಗಾಜು, ಅದರ ಒಳಗಿನ ಸಾಮಾನು ಮಾತ್ರ ಎರಡು ವರ್ಷಗಳಿಗೆ ಬೇರೆ ಬೇರೆ ಎಂದು ನೆನಪಿಡಿ.

ಊರಿಗೆ ತರುವ ಮಾತು. ಭಾರತದಲ್ಲಿ ಸುಂಕದ ಹೊರೆ ದೊಡ್ಡದು, ನಿಯಮಗಳೂ ಆಗಾಗ ಬದಲಾಗುತ್ತವೆ. ಹಡಗಿಗೆ ಹಾಕುವ ಮೊದಲು ಕಸ್ಟಮ್ಸ್ ಏಜೆಂಟರ ಬಳಿ ಆ ಹೊತ್ತಿನ ನಿಯಮ ಕೇಳಿಕೊಳ್ಳಿ. ನೋಂದಣಿಗೆ 2021ರಲ್ಲಿ ಬಂದ ಕೇಂದ್ರ ನಿಯಮವಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ವಾಹನಕ್ಕೆ ‘ವಿಎ’ ಅಕ್ಷರಗಳ ವಿಂಟೇಜ್ ನಂಬರ್ ಸಿಗುತ್ತದೆ, ಆದರೆ ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಆ ನಂಬರಿನ ಕಾರನ್ನು ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲ್ ಹಾಕಿಸಲು, ರಿಪೇರಿಗೆ ರಸ್ತೆಗಿಳಿಸಬಹುದು, ದಿನನಿತ್ಯದ ಓಡಾಟಕ್ಕಲ್ಲ. ಆ ಯೋಚನೆ ನಿಮಗಿದ್ದರೆ ಹೊಸ ಕಾಲದ ಎಂಜಿನ್ ಕೂರಿಸಿದ ಕ್ಯಾಮರೋ, ಅದೆಷ್ಟೇ ಚೆನ್ನಾಗಿ ಓಡಲಿ, ನಿಮಗಲ್ಲ. ತನ್ನದೇ ಎಂಜಿನ್ ಉಳಿಸಿಕೊಂಡ, ಕಾಗದ ಸರಿಯಿರುವ ಕಾರನ್ನೇ ಹುಡುಕಿ, ಮತ್ತು 1968ರ ಕಾರಿಗೆ ಆ ಹುಡುಕಾಟ ಸ್ವಲ್ಪ ಹೆಚ್ಚು ಸಮಯ ಬೇಡುತ್ತದೆ.