ಶರ್ಟಿನ ಲೆಕ್ಕದಲ್ಲಿ ಕತ್ತರಿ ಮೊದಲು ಕೂಲಿಗೇ ಯಾಕೆ?

ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಗಳಿಂದ ಬೆಳ್ಳಂಬೆಳಿಗ್ಗೆ ಹೆಣ್ಣುಮಕ್ಕಳನ್ನು ತುಂಬಿಕೊಂಡು ಗಾರ್ಮೆಂಟ್ಸ್ ವಾಹನಗಳು ಹೊರಡುತ್ತವೆ. ಭತ್ತ, ಕಬ್ಬಿನ ಸೀಮೆಗೆ ಹೊಲಿಗೆ ಮೆಷಿನ್ನು ಬಂದದ್ದಕ್ಕೆ ದೊಡ್ಡ ಕಾರಣ ಕೂಲಿ ದರ. ಕನಿಷ್ಠ ವೇತನ ವಲಯವಾರು ನಿಗದಿಯಾಗುತ್ತದೆ; ಬೆಂಗಳೂರಿನ ದರ ಬೇರೆ, ತಾಲ್ಲೂಕು ಊರಿನ ದರ ಬೇರೆ.

ಇದರ ಬೇರು ದೂರದಲ್ಲಿದೆ. 1974ರಿಂದ ಅಮೆರಿಕ, ಯುರೋಪಿನ ದೇಶಗಳು ಯಾವ ದೇಶದಿಂದ ಎಷ್ಟು ಉಡುಪು ತರಿಸಬೇಕೆಂದು ಕೋಟಾ ಇಟ್ಟಿದ್ದವು. 2005ರ ಜನವರಿ 1ಕ್ಕೆ ಅದು ಮುಗಿಯಿತು. ಅಲ್ಲಿಂದ ನಮ್ಮ ಕಾರ್ಖಾನೆಗಳು ಚೀನಾ, ಬಾಂಗ್ಲಾದೇಶ, ವಿಯೆಟ್ನಾಂ ಜೊತೆ ನೇರ ಪೈಪೋಟಿಗಿಳಿದವು. ಶರ್ಟಿನ ದರ ಹೇಳುವವನು ಬೈಯರ್, ಅಂದರೆ ಉಡುಪು ಕೊಳ್ಳುವ ವಿದೇಶಿ ಕಂಪನಿಯವನು. ಬಟ್ಟೆ ಯಾವ ಮಿಲ್ಲಿನದು, ಗುಂಡಿ, ಲೇಬಲ್ ಎಲ್ಲಿಯವು ಎಂದು ಎಷ್ಟೋ ಸಲ ಅವನೇ ಗೊತ್ತುಮಾಡುತ್ತಾನೆ. ಕರೆಂಟ್ ದರ ವಿದ್ಯುತ್ ನಿಯಂತ್ರಣ ಆಯೋಗದ್ದು, ಬಡ್ಡಿ ಬ್ಯಾಂಕಿನದು. ಮಾಲೀಕನ ಕೈಗೆಟುಕುವ ಖರ್ಚಿನ ಸಾಲು ಒಂದೇ, ಕೂಲಿ.

ಆ ಸಾಲಿಗೆ ಬಾಲವೂ ಇದೆ, ಕೂಲಿಯ ಮೇಲೆ ಮಾಲೀಕ ತೆರಬೇಕಾದದ್ದು. ಪಿಎಫ್ ಶೇ 12, ಇಎಸ್‌ಐ ಶೇ 3.25, ಬೋನಸ್ ಕನಿಷ್ಠ ಶೇ 8.33, ಕೆಲಸ ಬಿಡುವಾಗ ಕೊಡುವ ಗ್ರಾಚ್ಯುಟಿಗೆ ಶೇ 4.81. ಅಲ್ಲಿಗೆ 100 ರೂಪಾಯಿ ಕೂಲಿಯ ಮೇಲೆ 28 ರೂಪಾಯಿಗೂ ಹೆಚ್ಚು ಬೀಳುತ್ತದೆ. ಕಾರ್ಖಾನೆಯನ್ನು ಕಡಿಮೆ ಕೂಲಿಯ ವಲಯಕ್ಕೆ ಒಯ್ದರೆ ಮೂಲ ಕೂಲಿಯ ಜೊತೆ ಈ ಬಾಲವೂ ಕುಗ್ಗುತ್ತದೆ. ತುಟ್ಟಿಭತ್ಯೆ ಏರಿದಾಗಲೆಲ್ಲ ಗದ್ದಲ ಏಳುವುದು ಇದಕ್ಕೇ. 2020ರಲ್ಲಿ ರಾಜ್ಯ ಸರ್ಕಾರ ಆ ಏರಿಕೆಯನ್ನೇ ಮುಂದೂಡಿತ್ತು. ಆ ಆದೇಶಕ್ಕೆ ಹೈಕೋರ್ಟ್ ತಡೆ ಕೊಟ್ಟಿತು.

ಆದರೆ ಕಡಿಮೆ ಕೂಲಿ ಅಂದರೆ ಕಡಿಮೆ ಖರ್ಚು ಎಂದು ತಿಳಿಯುವುದು ತಪ್ಪು. ಲೆಕ್ಕ ನೋಡಿ. ಒಂದು ಶರ್ಟಿನ ಹೊಲಿಗೆಗೆ 20 ಪ್ರಮಾಣಿತ ನಿಮಿಷ, ಅಂದರೆ ‘ಸ್ಯಾಮ್’, ಎಂದಿಟ್ಟುಕೊಳ್ಳಿ. ಪಾಳಿ 480 ನಿಮಿಷ. ಲೈನಿನ, ಅಂದರೆ ಸಾಲಾಗಿ ಕೂತು ಹೊಲಿಯುವವರ ಎಫಿಶಿಯೆನ್ಸಿ ಶೇ 50 ಇದ್ದರೆ, ಅಂದರೆ ಪಾಳಿಯ ಅರ್ಧದಷ್ಟು ನಿಮಿಷಗಳ ಕೆಲಸವಷ್ಟೇ ಹೊರಬಂದರೆ, ಒಬ್ಬ ಟೈಲರ್ ಪಾಲಿಗೆ ದಿನಕ್ಕೆ 12 ಶರ್ಟು. ಬಾಲವೂ ಸೇರಿ ದಿನದ ಖರ್ಚು 600 ರೂಪಾಯಿ ಆದರೆ ಶರ್ಟಿಗೆ 50 ರೂಪಾಯಿ. ಕೂಲಿಯಲ್ಲಿ ಶೇ 10 ಕಡಿದರೆ ಉಳಿಯುವುದು 5 ರೂಪಾಯಿ. ಕೂಲಿ ಮುಟ್ಟದೆ ಎಫಿಶಿಯೆನ್ಸಿಯನ್ನು ಶೇ 60ಕ್ಕೆ ತಂದರೆ ಶರ್ಟು 14.4 ಆಗಿ, ಉಳಿತಾಯ 8 ರೂಪಾಯಿ ದಾಟುತ್ತದೆ.

ಎಫಿಶಿಯೆನ್ಸಿ ಬೀಳುವ ಜಾಗಗಳು ಲೈನಿನಲ್ಲಿರುವ ಎಲ್ಲರಿಗೂ ಗೊತ್ತು. ಕಾಲರ್ ಕೂರಿಸುವವಳು ಒಂದು ದಿನ ಬರದಿದ್ದರೆ ಹಿಂದೆ ಬಂಡಲ್ ರಾಶಿ ಬೀಳುತ್ತದೆ, ಮುಂದಿನವರು ಕೈಕಟ್ಟಿ ಕೂರುತ್ತಾರೆ. ಅವಳ ಜಾಗಕ್ಕೆ ಕಫ್ ಹೊಲಿಯುವವಳನ್ನು ಎಳೆದು ಕೂರಿಸಿದರೆ ಕಾಲರ್ ತುದಿ ಓರೆಯಾಗಿ ಆಲ್ಟರೇಷನ್‌ಗೆ ವಾಪಸ್ಸು ಬರುತ್ತದೆ. ನಾಲೆ ಬಯಲಿನಲ್ಲಿ ನಾಟಿ ಶುರುವಾದಾಗ, ಊರಹಬ್ಬ ಬಂದಾಗ ಗೈರು ಏರುತ್ತದೆ. ಇದು ವರ್ಷವರ್ಷವೂ ಗೊತ್ತಿರುವ ವಿಷಯ. ಆದರೂ ಎರಡು ಮೂರು ಆಪರೇಷನ್ ಕಲಿತ ಫ್ಲೋಟರ್‌ಗಳನ್ನು, ಅಂದರೆ ಬದಲಿ ಕೈಗಳನ್ನು, ಇಟ್ಟುಕೊಳ್ಳಲು ಮಾಲೀಕರು ಹಿಂದೆಮುಂದೆ ನೋಡುತ್ತಾರೆ, ಅದು ದಂಡದ ಕೂಲಿ ಅನ್ನಿಸುತ್ತದೆ. ಬದಲಿಗೆ ಗಂಟೆಯ ಟಾರ್ಗೆಟ್ ಏರಿಸಿ ಸೂಪರ್‌ವೈಸರ್ ಬೈಯುತ್ತಾನೆ. ಶೌಚಕ್ಕೆ ಏಳಬೇಕಾಗುತ್ತದೆಂದು ಹೆಣ್ಣುಮಕ್ಕಳು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಇದನ್ನು ಉಳಿತಾಯ ಎನ್ನಲು ಬರುವುದಿಲ್ಲ.

ಐದು ವರ್ಷ ತುಂಬುವ ಮೊದಲೇ ಕೆಲಸ ಬಿಟ್ಟ ಕಾಯಂ ಟೈಲರ್‌ಗೆ ಸಾಮಾನ್ಯವಾಗಿ ಗ್ರಾಚ್ಯುಟಿ ಸಿಗದು. ಆ ದುಡ್ಡು ಉಳಿಯಿತೆಂದು ಬರೆದುಕೊಳ್ಳುವ ಕಾಸ್ಟಿಂಗ್ ಶೀಟಿನಲ್ಲಿ, ಅವಳ ಮೆಷಿನ್ನಿಗೆ ಬಂದ ಹೊಸಬಳ ಕೈ ಪಳಗುವವರೆಗೆ ಕಳೆದುಕೊಂಡ ಶರ್ಟುಗಳಿಗೆ ಕಾಲಂ ಇಲ್ಲ.